ಹಳೆ ಎಸ್‌ಟಿಪಿಯ (ಕೊಳಚೆ ನೀರು ಶುದ್ಧೀಕರಣ ಸ್ಥಾವರದ) ತೊಟ್ಟಿ ಖಾಲಿ ಮಾಡುವ ಮುನ್ನ

ಬೆಂಗಳೂರಿನ ವೃಷಭಾವತಿ ಕಣಿವೆಯಲ್ಲಿರುವ 180 ಎಂಎಲ್‌ಡಿ (ದಿನಕ್ಕೆ 18 ಕೋಟಿ ಲೀಟರ್) ಸ್ಥಾವರ ಟ್ರಿಕ್ಲಿಂಗ್ ಫಿಲ್ಟರ್ ಜಮಾನದ್ದು. ಕಲ್ಲುರಾಶಿಯ ಮೇಲೆ ಕೊಳಚೆ ನೀರು ಚಿಮುಕಿಸುವ ಈ ಬಗೆಯ ಫಿಲ್ಟರ್‌ಗೆ ಗಾಳಿ ಊದುವ ಬ್ಲೋವರ್ ಬೇಡ, ಕರೆಂಟ್ ಖರ್ಚು ಕಡಿಮೆ. ನೀರು ಚಿಮ್ಮುವ ರಭಸಕ್ಕೇ ಮೇಲಿನ ತೋಳು ತಿರುಗುತ್ತದೆ. ಕೆಳಗಿನ ಕಲ್ಲುಗಳಿಗೆ ಅಂಟಿದ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳು ಕೊಳೆ ತಿನ್ನುತ್ತವೆ. ಆದರೆ 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಶುದ್ಧೀಕರಿಸಿದ ನೀರಿನ ಬಿಒಡಿಯನ್ನೂ (ಕೊಳೆ ಕರಗಿಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ) ಒಟ್ಟು ಸಾರಜನಕವನ್ನೂ ಲೀಟರಿಗೆ 10 ಮಿಲಿಗ್ರಾಂ ಮಿತಿಗೆ ತಂದ ಮೇಲೆ ಬರಿ ಕಲ್ಲಿನ ಫಿಲ್ಟರ್ ನೆಚ್ಚಿಕೊಂಡರೆ ಆಗದು.

ಕಲ್ಲು ತೆಗೆದು ಅದೇ ತೊಟ್ಟಿಯನ್ನು ಏರೇಶನ್‌ಗೆ (ಕೊಳಚೆ ನೀರಿಗೆ ಗಾಳಿ ಊದಲು) ಬಳಸೋಣ ಎಂಬ ಸಲಹೆ ಎಲ್ಲ ಕಡೆ ಬರುತ್ತದೆ. ಬೇಡ. ಅದರ ಗೋಡೆ ಕಟ್ಟಿದ್ದು ಕಲ್ಲು ತಡೆಯಲು, ನೀರು ತಡೆಯಲು ಅಲ್ಲ. ಬುಡದಲ್ಲಿ ಗಾಳಿಕಿಂಡಿಗಳೂ ಇರುತ್ತವೆ. ಆಳ ಎರಡು ಮೀಟರ್ ಆಸುಪಾಸು. ಏರೇಶನ್‌ಗೆ ನಾಲ್ಕೈದು ಮೀಟರ್ ಬೇಕು.

ಕೊಳೆ ತಳಕ್ಕಿಳಿಯಲು ನೀರು ನಿಲ್ಲಿಸುವ ತೊಟ್ಟಿ, ಅಂದರೆ ಹಳೆ ಕ್ಲಾರಿಫೈಯರ್‌ನದು ಬೇರೆಯೇ ತಾಪತ್ರಯ. ಸ್ಥಾವರ ಇರುವುದು ಕಣಿವೆಯ ತಗ್ಗಿನಲ್ಲಿ, ಅಂತರ್ಜಲ ಮೇಲೇ ಇರುತ್ತದೆ. ತಳದ ಅಡಿಮಟ್ಟಕ್ಕಿಂತ 2 ಮೀಟರ್ ಮೇಲೆ ನೀರು ನಿಂತಿದ್ದರೆ ಪ್ರತಿ ಚದರ ಮೀಟರಿಗೆ 2 ಟನ್ ಮೇಲ್ಮುಖ ಒತ್ತಡ. 30 ಸೆಂ.ಮೀ. ದಪ್ಪದ ಕಾಂಕ್ರೀಟ್ ತಳದ ತೂಕ ಮುಕ್ಕಾಲು ಟನ್ ಅಷ್ಟೇ. ಮಳೆಗಾಲದಲ್ಲಿ ಖಾಲಿ ಮಾಡಿದರೆ ತಳ ಉಬ್ಬಿ ಬಿರಿಯುತ್ತದೆ, ಇಲ್ಲವೇ ಇಡೀ ತೊಟ್ಟಿ ವಾಲುತ್ತದೆ. ಹಾಗಾಗಿ ಸುತ್ತ ಪೈಪ್ ಇಳಿಸಿ ಅಂತರ್ಜಲದ ಮಟ್ಟ ಅಳೆದುಕೊಂಡು, ಮಾರ್ಚ್–ಏಪ್ರಿಲ್‌ನಲ್ಲಿ ಖಾಲಿ ಮಾಡಬೇಕು. ಮತ್ತೆ ಬಳಸದ ತೊಟ್ಟಿಯಾದರೆ ಕೂಡಲೇ ತಳಕ್ಕೆ 100 ಮಿ.ಮೀ. ತೂತು ಕೊರೆದು ಬಿಡಿ, ಅಡಿಯ ಒತ್ತಡ ಇಳಿಯಲಿ. ನೀರು ತುಂಬಿಯೇ ಇಟ್ಟರೆ ತೊಟ್ಟಿ ಉಳಿಯುತ್ತದೆ, ಊರಿಗೆ ಸೊಳ್ಳೆ.

ತೊಟ್ಟಿಗೆ ಕೊಳಚೆ ತರುವ ಕಾಲುವೆಯ ಹಳೆ ಗೇಟ್ ಮುಚ್ಚಿದೆ ಎಂದು ನಂಬಬೇಡಿ. ತುಕ್ಕು ಹಿಡಿದ ಚೌಕಟ್ಟಿನ ಸಂದಿಯಿಂದ ಕೊಳಚೆ ಜಿನುಗುತ್ತಲೇ ಇರುತ್ತದೆ. ಕಾಲುವೆಗೆ ಅಡ್ಡಗೋಡೆ ಕಟ್ಟಿದರೇ ಭದ್ರ.

ಸ್ಲಡ್ಜ್ (ನೀರಿನಿಂದ ಬೇರ್ಪಟ್ಟ ಕೆಸರು) ಕೊಳೆಸುವ ಮುಚ್ಚಿದ ತೊಟ್ಟಿ, ಅಂದರೆ ಡೈಜೆಸ್ಟರ್ ಕೊನೆಗಿರಲಿ. ಸ್ಲಡ್ಜ್ ಹಾಕುವುದು ನಿಲ್ಲಿಸಿದರೂ ತಳದ ಮರಳು ಮಿಶ್ರಿತ ಗಸಿಯಿಂದ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಬರುತ್ತಲೇ ಇರುತ್ತವೆ. ಎರಡನೆಯದು ಗಾಳಿಗಿಂತ ಭಾರ. ಮೇಲಿನ ಮುಚ್ಚಳದ ಬಳಿ ಅನಿಲ ಅಳೆಯುವ ಮೀಟರ್ ಹಿಡಿದು ‘ಓಕೆ’ ಬರೆದರೆ ಪ್ರಯೋಜನವಿಲ್ಲ. ಕೊಳವೆ ಇಳಿಸಿ ಮೇಲೆ, ನಡು, ತಳ ಮೂರೂ ಕಡೆ ಅಳೆಯಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಡಿಮೆ ಇರಬಾರದು, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ದಾಟಬಾರದು. ಗಸಿ ಕಲಕಿದೊಡನೆ ಅನಿಲ ಮತ್ತೆ ಏಳುತ್ತದೆ, ಆದ್ದರಿಂದ ಗಸಿಯನ್ನು ಹೊರಗಿನಿಂದಲೇ ನೀರು ಹಾಯಿಸಿ ಪಂಪ್ ಮಾಡಿ ತೆಗೆಯಿರಿ, ಒಳಗೆ ಆಳು ಇಳಿಸಬೇಡಿ.