ಗನ್ ಓಡುತ್ತೆ, ಬಿಬಿ ಬರಲ್ಲ

ಟ್ರಿಗರ್ ಒತ್ತಿದ್ರೆ ಮೋಟರ್ ಸದ್ದು ಬರುತ್ತೆ, ಗಾಳೀನೂ ಬರುತ್ತೆ, ಬಿಬಿ (ಗನ್ ಹಾರಿಸೋ ಪ್ಲಾಸ್ಟಿಕ್ ಗುಂಡು) ಮಾತ್ರ ನಾಪತ್ತೆ, ಇಲ್ಲಾಂದ್ರೆ ನಾಲ್ಕು ಬಂದು ಎರಡು ಖಾಲಿ ಹೊಡೆಯುತ್ತೆ. ಇಲ್ಲಿ ಜಪಾನಿನ ಚಿಬಾ ಕಡೆ ಏರ್‌ಸಾಫ್ಟ್ (ಆಟದ ಗನ್ ಹಿಡಿದು ಯುದ್ಧದಾಟ ಆಡೋದು) ಫೀಲ್ಡ್‌ಗಳಲ್ಲಿ ಭಾನುವಾರ ಬೆಳಿಗ್ಗೆ ಯಾವ ಟೇಬಲ್ ನೋಡಿದ್ರೂ ಒಬ್ಬ ಈ ಗೋಳಲ್ಲೇ ಕೂತಿರ್ತಾನೆ. ನಮ್ಮ ಆಫೀಸಿನ ಹುಬ್ಬಳ್ಳಿ ಹುಡುಗ ಹೊಸದಾಗಿ ಬರ್ತಿದಾನೆ, ಸೆಕೆಂಡ್ ಹ್ಯಾಂಡ್ ಎಂ4 ಮಾದರಿ ಗನ್ ತಗೊಂಡಿದಾನೆ, ಮೊದಲ ಗೇಮ್ ಮುಗಿಯೋ ಹೊತ್ತಿಗೆ "ಅಣ್ಣಾ, ಗೇರ್‌ಬಾಕ್ಸ್ ಹೋತು ಅನಸ್ತದ, ಬಿಚ್ಚೋಣೇನ್ರಿ" ಅಂತ ಸ್ಕ್ರೂಡ್ರೈವರ್ ಹಿಡ್ಕೊಂಡೇ ಬಂದ. ಎಲ್ಲರೂ ಹೀಗೇ, ಮೊದಲು ಕೈ ಹಾಕೋದು ಗೇರ್‌ಬಾಕ್ಸ್‌ಗೆ, ಅಂದ್ರೆ ಗೇರು-ಪಿಸ್ಟನ್ ಇರೋ ಒಳಗಿನ ಪೆಟ್ಟಿಗೆಗೆ, ತೊಂದರೆ ಇರೋದು ಬಹುತೇಕ ಅದರ ಹೊರಗೆ.

1991ರಲ್ಲಿ ಜಪಾನಿನ ಟೋಕಿಯೋ ಮರುಯಿ ಕಂಪನಿ ತನ್ನ ಮೊದಲ ಎಲೆಕ್ಟ್ರಿಕ್ ಗನ್ ಫಾಮಾಸ್ ಬಿಟ್ಟಾಗಿಂದ ಈ ಗನ್‌ಗಳು ಕೆಲಸ ಮಾಡೋ ರೀತಿ ಹೆಚ್ಚುಕಮ್ಮಿ ಒಂದೇ. ಪಿಸ್ಟನ್ ಹಿಂದೆ ಹೋಗುವಾಗ ಟ್ಯಾಪೆಟ್ ಪ್ಲೇಟ್ ಅನ್ನೋ ಪ್ಲಾಸ್ಟಿಕ್ ಪಟ್ಟಿ ನಾಝಲ್‌ನ (ಗಾಳಿ ಊದೋ ಕೊಳವೆ) ಹಿಂದಕ್ಕೆ ಎಳೆಯುತ್ತೆ, ಆ ಸಂದೀಲಿ ಮ್ಯಾಗಝೀನ್ (ಬಿಬಿ ತುಂಬೋ ಡಬ್ಬಿ, ಚಿಕ್ಕದಾಗಿ ಮ್ಯಾಗ್) ಸ್ಪ್ರಿಂಗ್ ಒಂದು ಬಿಬಿನ ಮೇಲಕ್ಕೆ ತಳ್ಳಬೇಕು, ಆಮೇಲೆ ನಾಝಲ್ ಮುಂದೆ ಬಂದು ಅದನ್ನ ಹಾಪ್-ಅಪ್ (ಬಿಬಿ ದೂರ ಹೋಗೋ ಹಾಗೆ ಹಿಮ್ಮುಖವಾಗಿ ತಿರುಗಿಸೋ ಭಾಗ) ರಬ್ಬರ್ ಒಳಗೆ ಕೂರಿಸಬೇಕು. ಅಷ್ಟೇ ವಿಷಯ. ಇದರಲ್ಲಿ ಎಲ್ಲಿ ತಡೆ ಬಿದ್ದಿದೆ ಅಂತ ಗೊತ್ತಾಗೋಕೆ ಗನ್ ಬಿಚ್ಚೋದೇ ಬೇಡ.

ಮೊದಲು ಪಕ್ಕದವನ ಹತ್ರ ಒಂದು ಮ್ಯಾಗ್ ಇಸ್ಕೊಂಡು ಹಾಕಿ ನೋಡಿ. ಅದರಲ್ಲಿ ಸರಿಯಾಗಿ ಬಂತು ಅಂದ್ರೆ ನಿಮ್ಮ ಮ್ಯಾಗೇ ಕೆಟ್ಟಿದೆ, ಮುಗೀತು. ಅದ್ರಲ್ಲೂ ಬರ್ಲಿಲ್ವಾ, ಮ್ಯಾಗ್ ತಳಕ್ಕೆ ಅಂಗೈ ಕೊಟ್ಟು ಮೇಲಕ್ಕೆ ಒತ್ತಿ ಹಿಡ್ಕೊಂಡು ಹೊಡೀರಿ. ಹುಬ್ಬಳ್ಳಿ ಹುಡುಗಂದು ಇಲ್ಲೇ ಸಿಕ್ತು, ಒತ್ತಿದ್ರೆ ಪಟಪಟ ಅಂತ ಬರುತ್ತೆ, ಕೈ ತೆಗೆದ್ರೆ ಬರೀ ಗಾಳಿ. ಅಂದ್ರೆ ಮ್ಯಾಗ್ ಒಂದು ಕೂದಲೆಳೆ ಕೆಳಗೆ ನೇತಾಡ್ತಿದೆ, ಬಿಬಿ ಹಾಪ್-ಅಪ್ ಬಾಯಿ ತನಕ ನೆಟ್ಟಗೆ ಬರ್ತಿಲ್ಲ. ಒಂದು ಕಂಪನಿ ಗನ್‌ಗೆ ಇನ್ನೊಂದು ಕಂಪನಿ ಮ್ಯಾಗ್ ಹಾಕಿದಾಗ ಇದು ಮಾಮೂಲು, ಪ್ಯಾಕೆಟ್ ಮೇಲೆ ಮರುಯಿ ಕಂಪ್ಯಾಟಿಬಲ್ ಅಂತ ಬರೆದಿದ್ರೂ ಸಹ. ಮ್ಯಾಗ್ ಪಕ್ಕದಲ್ಲಿ ಗನ್ನಿನ ಕ್ಯಾಚ್ (ಕೊಕ್ಕೆ) ಹಿಡಿಯೋ ಕಿಂಡಿ ಇರುತ್ತಲ್ಲ, ಅದರ ಮೇಲಂಚಿಗೆ ಹಳೇ ಪ್ಲಾಸ್ಟಿಕ್ ಕಾರ್ಡಿಂದ ಕತ್ತರಿಸಿದ ತೆಳ್ಳನೆ ಚೂರು ಅಂಟಿಸಿ ಅರದಿಂದ ಉಜ್ಜಿ ಸರಿಮಾಡಿದ್ರೆ ಮ್ಯಾಗ್ ಅಷ್ಟು ಮೇಲೆ ಕೂರುತ್ತೆ. ಆ ಕಡೆ ಈ ಕಡೆ ಅಲ್ಲಾಡ್ತಿದ್ರೆ ಮೈಗೆ ಎರಡು ಸುತ್ತು ಇನ್ಸುಲೇಷನ್ ಟೇಪ್ ಸಾಕು.

ಒತ್ತಿದ್ರೂ ಬರ್ಲಿಲ್ಲ ಅಂದ್ರೆ ಮ್ಯಾಗ್ ತೆಗೆದು ಗನ್ ಉಲ್ಟಾ ಹಿಡೀರಿ, ಬಾಯಿ ಸೇಫ್ ಕಡೆಗಿರ್ಲಿ, ರಕ್ಷಣಾ ಕನ್ನಡಕ ಕಣ್ಣಮೇಲೇ ಇರ್ಲಿ. ಹಾಪ್-ಅಪ್ ಪೂರ್ತಿ ಕಮ್ಮಿ ಮಾಡಿ, ಫೀಡ್ ತೂತಿಗೆ ಒಂದೊಂದೇ ಬಿಬಿ ಹಾಕಿ ಸೆಮಿಯಲ್ಲಿ (ಒಂದು ಒತ್ತಿಗೆ ಒಂದೇ ಹೊಡೆತ) ಹೊಡೀರಿ. ಒಂದೊಂದೂ ಸಲೀಸಾಗಿ ಹೊರಗೆ ಬಂತಾ, ಹಾಗಾದ್ರೆ ನಾಝಲ್ ಹಿಂದೆ ಮುಂದೆ ಸರಿಯಾಗೇ ಹೋಗ್ತಿದೆ, ಗೇರ್‌ಬಾಕ್ಸ್ ಬಗ್ಗೆ ಸದ್ಯಕ್ಕೆ ಮರೆತುಬಿಡಿ. ಬರದಿದ್ರೆ ಹಾಪ್-ಅಪ್ ಯೂನಿಟ್ ಹೊರಗೆ ತೆಗೆದು ರಬ್ಬರ್ ತುಟಿ ಹರಿದಿದೆಯಾ, ಓರೆ ಕೂತಿದೆಯಾ, ಒಳಗೆ ಒಡೆದ ಬಿಬಿ ಚೂರು ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿ. ಎಂ4 ಹಾಪ್-ಅಪ್ ಮೇಲೆ ಒಂದು ಚಿಕ್ಕ ಸ್ಪ್ರಿಂಗ್ ಇರುತ್ತೆ, ಯೂನಿಟ್‌ನ ಗೇರ್‌ಬಾಕ್ಸ್ ಕಡೆ ಒತ್ತಿ ಹಿಡಿಯೋದು ಅದೇ, ಸೆಕೆಂಡ್ ಹ್ಯಾಂಡ್ ಗನ್ನಲ್ಲಿ ಎಷ್ಟೋ ಸಲ ಅದೇ ಇರಲ್ಲ.

ಇನ್ನು ಬಿಬಿ. ಇಲ್ಲಿ ಹೊರಾಂಗಣ ಫೀಲ್ಡ್‌ಗಳು ಹೆಚ್ಚಾಗಿ ಬಯೋ ಬಿಬಿನೇ ಬೇಕು ಅಂತವೆ, ಮಣ್ಣಲ್ಲಿ ಕರಗಬೇಕಲ್ಲ, ಆದ್ರೆ ಮಣ್ಣಲ್ಲಿ ಹಾಳಾಗೋ ವಸ್ತು ಪ್ಯಾಕೆಟ್ಟಲ್ಲೂ ಹಾಳಾಗುತ್ತೆ ಅನ್ನೋದು ಯಾರಿಗೂ ನೆನಪಿರಲ್ಲ. ಜೂನ್-ಜುಲೈ ಮಳೆಗಾಲದಲ್ಲಿ ಬಾಯಿ ಬಿಚ್ಚಿಟ್ಟ ಪ್ಯಾಕೆಟ್ ತೇವ ಎಳ್ಕೊಂಡು ಮಂಗಳೂರಲ್ಲಿ ಹೊರಗಿಟ್ಟ ಹಪ್ಪಳದ ಗತಿ ಆಗುತ್ತೆ. 6 ಎಂಎಂ ಅಂತ ಹೇಳ್ತಾರೆ, ನಿಜವಾದ ಅಳತೆ 5.95 ಸುತ್ತಮುತ್ತ, ಮರುಯಿ ಬ್ಯಾರಲ್ ಒಳಗೆ 6.08, ಟೈಟ್‌ಬೋರ್ (ಒಳಗೆ ಇನ್ನೂ ಕಿರಿದಾದ ಬ್ಯಾರಲ್) ಹಾಕಿದ್ರೆ 6.03 ಇಲ್ಲಾ 6.01. ಇಷ್ಟು ಕಿರಿದಾದ ಜಾಗದಲ್ಲಿ ಒಂಚೂರು ಊದಿದ್ರೂ ಸಿಕ್ಕಾಕ್ಕೊಳ್ಳುತ್ತೆ. ಗೇಮ್ ಮುಗಿದ ಮೇಲೆ ಮ್ಯಾಗ್ ಖಾಲಿ ಮಾಡಿ, ಉಳಿದದ್ದನ್ನ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬೀಲಿಡಿ. ನೆಲದಿಂದ ಹೆಕ್ಕಿದ ಬಿಬಿ ತುಂಬೋರಿಗೆ ನಾನು ಸಹಾಯ ಮಾಡಲ್ಲ, ಸಾರಿ.

ಸೆಮಿಯಲ್ಲಿ ಚೆನ್ನಾಗಿದೆ, ಫುಲ್ ಆಟೋ (ಒತ್ತಿ ಹಿಡಿದಷ್ಟು ಹೊತ್ತೂ ಹೊಡೆಯೋದು) ಹಾಕಿದ್ರೆ ಮಾತ್ರ ಮಧ್ಯೆ ಮಧ್ಯೆ ಖಾಲಿ ಹೊಡೆಯುತ್ತೆ ಅನ್ನೋರದ್ದು ಬೇರೆ ಕಥೆ. ಜಪಾನಲ್ಲಿ ಬಿಬಿಯ ಶಕ್ತಿಗೆ 0.98 ಜೌಲ್ ಮಿತಿ ಇರೋದ್ರಿಂದ ಒಳಗಿನ ಸ್ಪ್ರಿಂಗ್ ಮೆತ್ತಗಿರುತ್ತೆ, ಅದಕ್ಕೆ 11.1 ವೋಲ್ಟ್ ಲಿಪೋ ಬ್ಯಾಟರಿ ಹಾಕಿದ್ರೆ ಸೆಕೆಂಡಿಗೆ 25 ಹೊಡೆತ ದಾಟೋದು ಕಷ್ಟವೇನಲ್ಲ, ಅಷ್ಟು ವೇಗಕ್ಕೆ ಮ್ಯಾಗ್ ಸ್ಪ್ರಿಂಗ್ ಬಿಬಿ ತಳ್ಳೋ ಮುಂಚೇನೇ ನಾಝಲ್ ವಾಪಸ್ ಬಂದ್ಬಿಡುತ್ತೆ. 7.4 ವೋಲ್ಟ್ ಬ್ಯಾಟರಿ ಹಾಕಿ, ಸರಿಹೋದ್ರೆ ಕಾರಣ ಅದೇ. ಇಲ್ಲ, ನಂಗೆ ಸ್ಪೀಡೇ ಬೇಕು ಅಂದ್ರೆ ಪಿಸ್ಟನ್ ಎಳೆಯೋ ಸೆಕ್ಟರ್ ಗೇರ್ ಮೇಲೆ ಡಿಲೇಯರ್ ಚಿಪ್ ಕೂರಿಸಬೇಕು, ಅದು ಟ್ಯಾಪೆಟ್ ಪ್ಲೇಟ್‌ನ ಇನ್ನೊಂದು ಕ್ಷಣ ಹಿಂದೆ ಹಿಡಿಯುತ್ತೆ, ಅದಕ್ಕೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಟ್ಯಾಪೆಟ್ ಪ್ಲೇಟ್ ಬಿರುಕು ಬಿಟ್ಟಿದ್ರೂ ಅಷ್ಟೇ.

ಹೈಕ್ಯಾಪ್ ಮ್ಯಾಗಿನವರು (ತುಂಬಾ ಬಿಬಿ ಹಿಡಿಯೋ, ಕೀ ಕೊಡೋ ಮ್ಯಾಗ್) ಕೆಳಗಿನ ಚಕ್ರ ತಿರುಗಿಸಿದ್ರಾ ಅಂತ ಒಂದ್ಸಲ ನೋಡ್ಕೊಳ್ಳಿ, ನಗಬೇಡಿ, ಅರ್ಧ ಜನರ ತೊಂದರೆ ಅಲ್ಲಿಗೇ ಮುಗಿಯುತ್ತೆ. ಮಿಡ್‌ಕ್ಯಾಪಲ್ಲಿ (ಚಕ್ರ ಇಲ್ಲದ, ಬರೀ ಸ್ಪ್ರಿಂಗ್ ತಳ್ಳೋ ಮ್ಯಾಗ್) ಕೊನೇ ಮೂರ್ನಾಲ್ಕು ಬಿಬಿ ಬರದೇ ಉಳಿಯೋದು ದೋಷ ಅಲ್ಲ, ಅವುಗಳನ್ನ ತಳ್ಳೋಕೆ ಹಿಂದೆ ಏನೂ ಇರಲ್ಲ, ಮ್ಯಾಗ್ ತೆಗೆದಾಗ ಪುಳಕ್ಕಂತ ಕೆಳಗೆ ಬೀಳ್ತವೆ. ಆದ್ರೆ ಮ್ಯಾಗ್ ತೆಗೆದ್ರೂ ಒಂದೆರಡು ಹಾಪ್-ಅಪ್ ಒಳಗೇ ಇರ್ತವೆ, ಸೇಫ್ಟಿ ಝೋನ್‌ಗೆ ಬರೋ ಮುಂಚೆ ನೆಲಕ್ಕೆ ಹಿಡಿದು ಖಾಲಿ ಆಗೋ ತನಕ ಹೊಡೆದೇ ಬನ್ನಿ.