ಅಜ್ಜಿಗೆ ಕಾಲು ನೋವು, ನಾನು ಪಾದ ನೋಡಿದೆ

ಜರ್ಮನಿಯ ಟ್ಯೂಬಿಂಗನ್‌ಗೆ ನರ್ಸ್ ಆಗಿ ಬಂದು ಮೂರು ವಾರ ಆಗಿತ್ತಷ್ಟೆ. ವಾರ್ಡಿನಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ರಾತ್ರಿ ಬೆಲ್ ಒತ್ತಿದರು. ಹೋದೆ. 'ಫೂಸ್' ನೋಯುತ್ತಿದೆ ಎಂದರು. ಪಾಠದಲ್ಲಿ ಫೂಸ್ ಅಂದ್ರೆ ಪಾದ. ನಾನು ಸಾಕ್ಸ್ ತೆಗೆದು, ಒಂದೊಂದೇ ಬೆರಳು ನೋಡಿ, ಹಿಮ್ಮಡಿ ಒತ್ತಿ, 'ಇಲ್ಲಿಯಾ? ಇಲ್ಲಿಯಾ?' ಎಂದು ಕೇಳಿದ್ದೇ ಕೇಳಿದ್ದು. ಅಜ್ಜಿ ಸುಮ್ನೆ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ನನ್ನ ಕೈ ಹಿಡಿದು ತಮ್ಮ ತೊಡೆಯ ಮೇಲಿಟ್ಟರು. ಈ ಕಡೆಯ ಆಡುಮಾತು ಶ್ವೇಬಿಶ್. ಅದರಲ್ಲಿ ಸೊಂಟದಿಂದ ಕೆಳಗೆ ಇರೋದೆಲ್ಲ ಫೂಸೇ!

ಆಮೇಲೆ 'ಟೆಪ್ಪಿಶ್' ಕೊಡು ಎಂದರು. ನನಗೆ ಗೊತ್ತಿದ್ದ ಟೆಪ್ಪಿಶ್ ನೆಲಕ್ಕೆ ಹಾಸುವ ಜಮಖಾನ. ಬಗ್ಗಿ ಮಂಚದ ಅಡಿ ನೋಡಿದೆ. ಅವರಿಗೆ ಬೇಕಿದ್ದದ್ದು ಹೊದೆಯುವ ಕಂಬಳಿ.

ಜರ್ಮನ್ ಭಾಷೆಯ ಬಿ2 ಪರೀಕ್ಷೆ ಪಾಸಾಗಲು ಒಂದು ವರ್ಷ ತಲೆ ಕೆಡಿಸಿಕೊಂಡಿದ್ದೆ. ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತಾಗ ನಗು ಬಂತು. ರೂಮಿನ ಬಾಗಿಲು ಹಾಕಿಕೊಂಡ ಮೇಲೆ ಅಳು ಬಂತು.

ಆ ದಿನ ನೆನಪಾದವರು ಬಾಸೆಲ್ ಮಿಷನ್ನಿನವರು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಧರ್ಮಪ್ರಚಾರಕ್ಕೆ ನಮ್ಮೂರಿಗೆ ಬಂದ ಕ್ರೈಸ್ತ ಮಿಷನರಿಗಳು. ನಮ್ಮದು ಮಂಗಳೂರು, ಅವರು ಕಟ್ಟಿದ ಸಭೆಯ ಮನೆತನ. ಚಿಕ್ಕಂದಿನಿಂದ ಅವರ ಹೆಸರು ಕೇಳಿ ಕೇಳಿ ಸಾಕಾಗಿತ್ತು. ಫೋಟೋಗಳಲ್ಲಿ ಎಲ್ಲರಿಗೂ ಎದೆವರೆಗೆ ಗಡ್ಡ. ಅವರು ಹುಟ್ಟುವಾಗಲೇ ಮುದುಕರಾಗಿದ್ದರು ಅಂತ ನನ್ನ ಲೆಕ್ಕ. ಈಗ ವಯಸ್ಸು ಲೆಕ್ಕ ಹಾಕಿದೆ. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಬಂದಾಗ 25. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಹೊರಟಾಗ 21. ನನ್ನ ತಮ್ಮನ ವಯಸ್ಸು. ಅವನಿಗೆ ಇನ್ನೂ ತನ್ನ ಬಟ್ಟೆ ಒಗೆದುಕೊಳ್ಳಲು ಬರುವುದಿಲ್ಲ.

ಮೊಗ್ಲಿಂಗ್ ಇದೇ ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದವರು. ಇಲ್ಲಿಯ ಕಲ್ಲು ಹಾಸಿದ ಓಣಿಗಳಲ್ಲಿ ನಡೆಯುವಾಗ ಅದು ಒಂಥರಾ ಅನಿಸುತ್ತದೆ. ಅವರು ಇಲ್ಲಿಂದ ನಮ್ಮೂರಿಗೆ, ನಾನು ನಮ್ಮೂರಿನಿಂದ ಇಲ್ಲಿಗೆ. ನಾನು ಬಂದದ್ದು ಸಂಬಳಕ್ಕೆ, ಅವರು ಹೋದದ್ದು ಸುವಾರ್ತೆಗೆ. ಅದನ್ನು ಮುಚ್ಚಿಟ್ಟು ಮಾತಾಡಬಾರದು.

ಅವರಿಗಿಂತ ಮೊದಲು 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಂದಿದ್ದರು. ಸೂಯೆಜ್ ಕಾಲುವೆ ಇಲ್ಲದ ಕಾಲ. ಆಫ್ರಿಕಾ ಸುತ್ತಿಕೊಂಡು ಸುಮಾರು ಮೂರು ತಿಂಗಳ ಹಡಗಿನ ದಾರಿ. ಮಂಗಳೂರಿನಲ್ಲಿ ಕಾದಿದ್ದದ್ದು ಮಾತ್ರ ನನಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಕೋರ್ಟು ಕಚೇರಿಗೆ ಕನ್ನಡ. ಅದು ಕಲಿತು ಬೀದಿಗಿಳಿದರೆ ಮೀನು ಮಾರುವವಳು ತುಳು, ಅಂಗಡಿಯವರು ಕೊಂಕಣಿ, ಬಂದರಿನಲ್ಲಿ ಬ್ಯಾರಿ. ಪುಸ್ತಕದ ಜರ್ಮನ್ ಕಲಿತು ಬಂದ ನನಗೆ ಶ್ವೇಬಿಶ್ ಸಿಕ್ಕಿದ ಹಾಗೆ, ಅಲ್ವಾ? ಕೊನೆಗೆ ಗ್ರೈನರ್ ತುಳುವನ್ನೇ ಹಿಡಿದರು. 1847ರ ಹೊತ್ತಿಗೆ ಬೈಬಲಿನ ಹೊಸ ಒಡಂಬಡಿಕೆ ತುಳುವಿನಲ್ಲಿ ಅಚ್ಚಾಯಿತು. ಅವರ ಜೊತೆ ಅಮ್ಮನ್ ಎಂಬವರೂ ಕೆಲಸ ಮಾಡಿದ್ದರು. ಪಕ್ಕದಲ್ಲಿ ಕೂತು 'ಹೀಗಲ್ಲ ಸಾಹೇಬ್ರೆ, ಹೀಗೆ' ಎಂದು ತಿದ್ದಿದ ಊರಿನವರೂ ಇದ್ದೇ ಇರಬೇಕು. ಅವರ ಹೆಸರು ನನಗೆ ಗೊತ್ತಿಲ್ಲ. ನನ್ನ ಬೇಸರ ಅದೇ. ನನ್ನನ್ನು ತಿದ್ದುವ ಅಜ್ಜಿಯ ಹೆಸರೂ ನಾಳೆ ಯಾರಿಗೂ ಗೊತ್ತಿರಲಿಕ್ಕಿಲ್ಲ.

ಮೊಗ್ಲಿಂಗ್ ಶಾಲೆಯ ಹುಡುಗರ ಜೊತೆಯಲ್ಲೇ ಇದ್ದು, ಅವರ ಊಟವನ್ನೇ ಉಂಡರು. ಕಿಟ್ಟೆಲ್‌ಗೆ ಇನ್ನೂ ಹಟ. ಯೆಹೂದ್ಯರಿಗೆ ಯೆಹೂದ್ಯನಂತಾದೆ ಎಂದು ಬೈಬಲಿನಲ್ಲಿ ಪೌಲ ಬರೆದಿದ್ದಾನಲ್ಲ, ಹಾಗಾದರೆ ಭಾರತೀಯರ ನಡುವೆ ಭಾರತೀಯನಾಗಬೇಕು ಎಂದು ಹೊರಟರು. ಸಂಗಡಿಗರಿಗೇ ಅದು ಹಿಡಿಸಲಿಲ್ಲ. ನನಗೂ ಸ್ವಲ್ಪ ಅನುಮಾನವೇ. ನಾನು ಎಷ್ಟು ಬ್ರೆಡ್ಡು ತಿಂದರೂ ಜರ್ಮನ್ ಆಗುವುದಿಲ್ಲ. ಆದರೆ ಕೇಳಿಸಿಕೊಳ್ಳುವುದನ್ನು ಅವರು ಬಿಡಲಿಲ್ಲ. ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ತಂದರು, ಕಲ್ಲಚ್ಚಿನಲ್ಲಿ. ಅದೇ ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲ್ ಸುಮಾರು 70,000 ಪದಗಳ ನಿಘಂಟು ಕೊಟ್ಟರು, 1894ರಲ್ಲಿ.

ಅವರ ಬಗ್ಗೆ ಹೊಗಳಿಕೆಯೇ ಜಾಸ್ತಿ ಕೇಳಿದ್ದೇನೆ. ಇನ್ನೊಂದು ಮುಖವೂ ಇದೆ. ಕ್ರೈಸ್ತರಾದವರಿಗೆ ಜಾತಿ ಹೋಯಿತು, ಮನೆ ಹೋಯಿತು, ಕೆಲಸ ಹೋಯಿತು. ಹೊಟ್ಟೆಪಾಡಿಗೇ ಮಿಷನ್ನು ಮಗ್ಗ ಹಾಕಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಮ್ಮ ಮುತ್ತಜ್ಜ ಹೆಂಚು ಹೊತ್ತವರು.

ಮಿಷನರಿಗಳಾಗಿ ಬಂದ ಈ ಹುಡುಗರಿಗೂ ಸ್ವಂತ ಬದುಕು ಅಂತ ಇರಲಿಲ್ಲ. ಬಾಸೆಲ್‌ನ ಸಮಿತಿ ಒಪ್ಪದೆ ಮದುವೆ ಇಲ್ಲ. ಮುಖ ನೋಡದ ಗಂಡನಿಗಾಗಿ ಹಡಗು ಹತ್ತಿದ ಹೆಣ್ಣುಮಕ್ಕಳೂ ಇದ್ದರು. ಕಿಟ್ಟೆಲ್‌ರ ಮೊದಲ ಹೆಂಡತಿ ಪೌಲೀನೆ 1864ರಲ್ಲಿ ತೀರಿಕೊಂಡರು. ಮುಂದೆ ಕಿಟ್ಟೆಲ್ ಪೌಲೀನೆಯ ಸೋದರಿಯನ್ನೇ ಮದುವೆಯಾದರು. ಮಕ್ಕಳು ಶಾಲೆಯ ವಯಸ್ಸಿಗೆ ಬಂದರೆ ಯುರೋಪಿಗೆ ಕಳಿಸಬೇಕು. ಆರು ವರ್ಷದ ಮಗುವನ್ನು ಹಡಗಿಗೆ ಹತ್ತಿಸಿ ಬಂದರಿನಿಂದ ಮನೆಗೆ ಹೇಗೆ ನಡೆದು ಬಂದರೋ. ನನಗೆ ವಾರಕ್ಕೆ ನಾಲ್ಕು ಸಲ ವಿಡಿಯೋ ಕಾಲ್ ಮಾಡಿದರೂ ಸಾಲುವುದಿಲ್ಲ.

ಕಿಟ್ಟೆಲ್ ಕೊನೆಗೆ ಇಲ್ಲಿಗೇ ಬಂದು 1903ರಲ್ಲಿ ತೀರಿಕೊಂಡರು. ಮುಪ್ಪಿನಲ್ಲಿ ನಿದ್ದೆಗಣ್ಣಲ್ಲಿ ಕನ್ನಡ ಬಾಯಿಗೆ ಬರುತ್ತಿತ್ತಾ ಎಂದು ಸುಮ್ನೆ ಯೋಚಿಸುತ್ತೇನೆ. ನಾನಂತೂ ನಿದ್ದೆಯಲ್ಲಿ ತುಳುವೇ.

ಅಂದ ಹಾಗೆ, ಫೂಸ್ ವಿಷಯದಲ್ಲಿ ನಾನೇ ದಡ್ಡಿ. ಕನ್ನಡದಲ್ಲೂ ತೊಡೆ ನೋವು, ಮೊಣಕಾಲು ನೋವು, ಪಾದ ನೋವು ಎಲ್ಲವೂ ಕಾಲು ನೋವೇ ತಾನೆ? ಪಾಠದ ಜರ್ಮನ್ ಬಿಟ್ಟು ನಮ್ಮಮ್ಮ ಹೇಳುವ ಹಾಗೆ ಕೇಳಿಸಿಕೊಂಡಿದ್ದರೆ ಸಾಕಿತ್ತು. ಈ ಕಡೆಯಿಂದ ಮಂಗಳೂರಿಗೆ ಹೋದ ಹುಡುಗರಿಗೆ 'ಕಾಲು' ಕಲಿಯಲು ಕಷ್ಟವಾಗಿರಲಿಕ್ಕಿಲ್ಲ.

ಮೊನ್ನೆ ಅಮ್ಮ ಫೋನಿನಲ್ಲಿ ಕಾಲು ನೋವು ಎಂದರು. ನಾನು ತಕ್ಷಣ, 'ಕಾಲು ಅಂದ್ರೆ ಎಲ್ಲಿ? ಪಾದವಾ, ಮೊಣಕಾಲಾ, ತೊಡೆಯಾ?' ಎಂದು ಕೇಳಿದೆ.

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: 'ನಿನಗೆ ಅಲ್ಲಿ ಸರಿಯಾಗಿ ಊಟ ಸಿಗ್ತದಾ ಮಗಾ?'