ಕಾದ ತಂತಿಯ ಹಿಂದಿನ ಸುಳಿಗಳು

ಗಾಳಿಗೆ ಅಡ್ಡಲಾಗಿ ನಿಲ್ಲಿಸಿದ ತಂತಿಯನ್ನು ಕಾಯಿಸಿದರೆ ಅದರ ಹಿಂದಿನ ಸುಳಿಗಳು (ತಂತಿಯ ಎರಡೂ ಬದಿಯಿಂದ ಸರದಿಯಂತೆ ಕಳಚಿ ಎರಡು ಸಾಲಾಗಿ ಹೋಗುವ ಗಾಳಿಯ ಸುತ್ತುಗಳು) ಚುರುಕಾಗುತ್ತವೆ ಎಂದು ಹೆಚ್ಚಿನವರ ಎಣಿಕೆ. ಆಗುವುದು ಉಲ್ಟಾ. ಎಣ್ಣೆ ಕಾದರೆ ತೆಳುವಾಗುತ್ತದೆ. ಗಾಳಿ ಕಾದರೆ ಅದರ ಸ್ನಿಗ್ಧತೆ (ಹರಿಯುವಾಗಿನ ಒಳತಡೆ) ಏರುತ್ತದೆ, ಜೊತೆಗೆ ಸಾಂದ್ರತೆಯೂ ಇಳಿಯುತ್ತದೆ. ಎರಡೂ ಸೇರಿ ತಂತಿಯ ಸುತ್ತ ರೆನಾಲ್ಡ್ಸ್ ಸಂಖ್ಯೆ, ಅಂದರೆ ವೇಗ-ವ್ಯಾಸಗಳ ಗುಣಲಬ್ಧವನ್ನು ಚಲನ ಸ್ನಿಗ್ಧತೆಯಿಂದ (ಸ್ನಿಗ್ಧತೆ ÷ ಸಾಂದ್ರತೆ) ಭಾಗಿಸಿದ್ದು, ಕುಸಿಯುತ್ತದೆ. ಅದು ಸುಮಾರು 47ಕ್ಕಿಂತ ಕೆಳಗಿಳಿದರೆ ಸುಳಿ ಕಳಚುವುದೇ ನಿಂತುಹೋಗುತ್ತದೆ.

ಶಿವಮೊಗ್ಗದಲ್ಲಿ ಲೆಕ್ಕ ಹಾಕುವವರು ಮೊದಲು ಪಠ್ಯಪುಸ್ತಕದ ಕೋಷ್ಟಕ ತಿದ್ದಿಕೊಳ್ಳಬೇಕು. ಊರು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ 946 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಸಾಂದ್ರತೆ ಕಡಿಮೆಯಾದ್ದರಿಂದ 25 ಡಿಗ್ರಿಯಲ್ಲಿ ಚಲನ ಸ್ನಿಗ್ಧತೆ ಸೆಕೆಂಡಿಗೆ 15.6 ಅಲ್ಲ, ಸುಮಾರು 16.6 ಚದರ ಮಿಲಿಮೀಟರ್. ಮಳೆಗಾಲದ ತೇವದಿಂದ ಆಗುವ ವ್ಯತ್ಯಾಸ ಶೇ. 1ರಷ್ಟು, ಅದನ್ನು ಬಿಟ್ಟುಬಿಡಬಹುದು.

1 ಮಿ.ಮೀ. ದಪ್ಪದ ನಿಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ, ಗಾಳಿಯ ವೇಗ ಸೆಕೆಂಡಿಗೆ 1.66 ಮೀಟರ್ ಎಂದಿಟ್ಟುಕೊಳ್ಳಿ. ರೆನಾಲ್ಡ್ಸ್ ಸಂಖ್ಯೆ 100, ಸ್ಟ್ರೌಹಲ್ ಸಂಖ್ಯೆ (ಆವರ್ತನ × ವ್ಯಾಸ ÷ ವೇಗ) 0.165, ಸುಳಿಗಳ ಆವರ್ತನ ಸುಮಾರು 274 ಹರ್ಟ್ಸ್. ಈಗ ತಂತಿಯನ್ನು 300 ಡಿಗ್ರಿಗೆ ಕಾಯಿಸಿ. ಸ್ನಿಗ್ಧತೆಯನ್ನು ಯಾವ ಉಷ್ಣತೆಯಲ್ಲಿ ತೆಗೆದುಕೊಳ್ಳಬೇಕು ಎಂಬುದಕ್ಕೆ ಸಂಶೋಧಕರಾದ ವಾಂಗ್, ಟ್ರಾವ್ನಿಚೆಕ್ ಮತ್ತು ಚಿಯಾ 2000ದಲ್ಲಿ ಕೊಟ್ಟ ಸೂತ್ರ ಗಾಳಿಗೆ ಚೆನ್ನಾಗಿ ಒಗ್ಗುತ್ತದೆ: ಗಾಳಿಯ ಉಷ್ಣತೆಗೆ, ತಂತಿ-ಗಾಳಿಗಳ ವ್ಯತ್ಯಾಸದ 0.28 ಪಾಲು ಸೇರಿಸಿ. ಇಲ್ಲಿ 102 ಡಿಗ್ರಿ ಬರುತ್ತದೆ. ಆಗ ರೆನಾಲ್ಡ್ಸ್ 67, ಆವರ್ತನ ಸುಮಾರು 235 ಹರ್ಟ್ಸ್. ಗಾಳಿಯನ್ನು 1.1 ಮೀಟರಿಗೆ ಇಳಿಸಿದರೆ ತಣ್ಣಗಿನ ತಂತಿ ಸುಳಿ ಕಳಚುತ್ತಲೇ ಇರುತ್ತದೆ, ಕಾದದ್ದು ಕಳಚುವುದಿಲ್ಲ.

20 ಸೆಂ.ಮೀ. ತಂತಿಗೆ ಬೇಕಾಗುವುದು 26 ವ್ಯಾಟ್ ಸುಮಾರು. 3 ವೋಲ್ಟಿಗೂ ಕಡಿಮೆ, ಆದರೆ 9-10 ಆಂಪಿಯರ್. ಮನೆ ಕರೆಂಟಿನಿಂದ ಅಡಾಪ್ಟರ್ ಹಾಕಿ ಕಾಯಿಸುವ ಯೋಚನೆ ಬೇಡ. ಮಳೆಗಾಲದ ಮಲೆನಾಡಿನ ವೋಲ್ಟೇಜು ಶೇ. 5 ಇಳಿದು ಅಡಾಪ್ಟರೂ ಅದನ್ನೇ ಹಿಂಬಾಲಿಸಿದರೆ ಕಾವು ಶೇ. 10 ಇಳಿಯುತ್ತದೆ. 12 ವೋಲ್ಟ್ ಬ್ಯಾಟರಿ, ಜೊತೆಗೆ ಕರೆಂಟು ಸ್ಥಿರವಾಗಿಡುವ ಕನ್ವರ್ಟರ್ ವಾಸಿ. ಕಾದ ತಂತಿ ಮುಕ್ಕಾಲು ಮಿಲಿಮೀಟರ್ ಉದ್ದವಾಗುತ್ತದೆ. ಒಂದು ತುದಿಗೆ ಸ್ಪ್ರಿಂಗ್ ಹಾಕದಿದ್ದರೆ ಜೋತುಬಿದ್ದು ಅದೇ ನಡುಗಲು ಶುರುಮಾಡುತ್ತದೆ. ಆಮೇಲೆ ಅಳೆಯುವುದು ಸುಳಿಯನ್ನೋ ತಂತಿಯ ಕಂಪನವನ್ನೋ ತಿಳಿಯುವುದಿಲ್ಲ. ನಿಕ್ರೋಮಿನ ರೋಧ ಉಷ್ಣತೆಯೊಂದಿಗೆ ಹೆಚ್ಚು ಬದಲಾಗದ ಕಾರಣ ರೋಧದಿಂದ ಉಷ್ಣತೆ ಊಹಿಸಬೇಡಿ, ತೆಳ್ಳಗಿನ ಥರ್ಮೊಕಪಲ್ (ಎರಡು ಲೋಹದ ತಂತಿಗಳ ಉಷ್ಣಮಾಪಕ) ಬಳಸಿ. ಕ್ಲಾಂಪ್ ಬಳಿ ತಂತಿ ತಣ್ಣಗಿರುವುದರಿಂದ ಅಲ್ಲಿನ ಆವರ್ತನ ಹೆಚ್ಚು, ನಡುಭಾಗದಲ್ಲೇ ಅಳೆಯಿರಿ. ವೇಗ ಅಳೆಯುವ ಪ್ರೋಬನ್ನು ಐದು ವ್ಯಾಸದಷ್ಟು ಹಿಂದೆ, ಒಂದು ವ್ಯಾಸದಷ್ಟು ಪಕ್ಕಕ್ಕೆ ಇಡಿ. ನಟ್ಟನಡುವೆ ಇಟ್ಟರೆ ಎರಡೂ ಸಾಲಿನ ಸುಳಿಗಳು ತಾಗಿ ಆವರ್ತನ ಇಮ್ಮಡಿ ಕಾಣುತ್ತದೆ. ಹಾಟ್‌ವೈರ್ ಪ್ರೋಬಾದರೆ (ತನ್ನದೇ ಕಾದ ತಂತಿ ಎಷ್ಟು ತಣ್ಣಗಾಗುತ್ತದೆ ಎಂಬುದರಿಂದ ವೇಗ ತಿಳಿಸುವಂಥದ್ದು) ಬಿಸಿಗಾಳಿಯಲ್ಲಿ ಅದು ತೋರಿಸುವ ವೇಗ ನಂಬಬೇಡಿ, ಆವರ್ತನ ನಂಬಬಹುದು.

ನೀರಿನಲ್ಲಿ ಕಥೆ ತಿರುಗುತ್ತದೆ: ಕಾದ ನೀರಿನ ಸ್ನಿಗ್ಧತೆ ಇಳಿಯುವುದರಿಂದ ಆವರ್ತನ ಏರಬೇಕು. ಆದರೆ ಅಲ್ಲಿ ತೇಲುಬಲ ಅಡ್ಡ ಬರುತ್ತದೆ. 4 ಮಿ.ಮೀ. ಸರಳು, ಸೆಕೆಂಡಿಗೆ 2.2 ಸೆಂ.ಮೀ. ಹರಿವು, 25 ಡಿಗ್ರಿ ವ್ಯತ್ಯಾಸ ಇದ್ದರೆ ರಿಚರ್ಡ್‌ಸನ್ ಸಂಖ್ಯೆ (ಹರಿವಿಗೆ ಹೋಲಿಸಿದರೆ ತೇಲುಬಲ ಎಷ್ಟು ಎಂಬ ಅಳತೆ) ಸುಮಾರು 0.5. ಮೇಲಿನ ತಂತಿಯಲ್ಲಿ ಅದು 0.003 ಮಾತ್ರ. ಕೆಳಗಿನಿಂದ ಮೇಲಕ್ಕೆ ಹರಿಯುವಾಗ, ರೆನಾಲ್ಡ್ಸ್ 100ರಲ್ಲಿ, ರಿಚರ್ಡ್‌ಸನ್ 0.15ರ ಸುಮಾರಿಗೇ ಸುಳಿಗಳು ನಿಲ್ಲುತ್ತವೆ. ಹಾಗಾಗಿ ಸ್ನಿಗ್ಧತೆಯ ಪರಿಣಾಮ ಮಾತ್ರ ನೋಡಬೇಕಿದ್ದರೆ ವ್ಯತ್ಯಾಸ 2 ಡಿಗ್ರಿ ದಾಟಬಾರದು. ಹರಿವು ಅಡ್ಡಡ್ಡ, ಕಾವು ಅಲ್ಪ ಇದ್ದಾಗ ಇನ್ನೊಂದು ವಿಚಿತ್ರ: ಬಿಸಿ ಸುಳಿಸಾಲು ಮೇಲೇರುವ ಬದಲು ತುಸು ಕೆಳಕ್ಕೆ ವಾಲುತ್ತದೆ. ಮೇಲಿನ ಸಾಲಿನ ಸುಳಿಗಳೂ ಕೆಳಗಿನವೂ ಸಮಬಲ ಕಳೆದುಕೊಳ್ಳುವುದೇ ಕಾರಣ.

ಶರಾವತಿ ಕಡೆಯಿಂದ ಬರುವ ವಿದ್ಯುತ್ ಲೈನುಗಳ ಗುಂಯ್‌ಗುಟ್ಟುವಿಕೆಗೆ ಈ ಲೆಕ್ಕ ಹಚ್ಚಲು ಹೋಗಬೇಡಿ. 21 ಮಿ.ಮೀ. ವಾಹಕಕ್ಕೆ ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ರೆನಾಲ್ಡ್ಸ್ 3,800, ಆವರ್ತನ 28 ಹರ್ಟ್ಸ್ ಸುಮಾರು. ಅಲ್ಲಿ ಸ್ಟ್ರೌಹಲ್ 0.2ರ ಆಸುಪಾಸಿನಲ್ಲೇ ನಿಲ್ಲುವುದರಿಂದ, ಲೋಡ್ ಏರಿ ವಾಹಕ 75 ಡಿಗ್ರಿ ಕಾದರೂ ಆವರ್ತನ ಹೆಚ್ಚುಕಡಿಮೆ ಅಷ್ಟೇ.